ದುಬಾರಿ ಆಟಗಾರ ಸೋತರೆ ತಪ್ಪು ಯಾರದು?

ಮಾನುಯೆಲ್ ಒನ್ವು ಹೆಸರು ಬಂದರೆ ಮಲ್ಲತ್ತಹಳ್ಳಿಯ ಫುಟ್‌ಬಾಲ್ ಹುಡುಗರು ಇಂದಿಗೂ ಎರಡು ಗುಂಪಾಗುತ್ತಾರೆ. 2019ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ಸ್ಪೇನ್‌ನ ಈ ಸ್ಟ್ರೈಕರ್ ತುಂಬಬೇಕಾಗಿದ್ದದ್ದು ಮಿಕು ಬಿಟ್ಟುಹೋದ ಜಾಗವನ್ನು. ವೆನೆಜುವೆಲಾದ ಮಿಕು 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 15 ಗೋಲು ಹೊಡೆದು ಕಂಠೀರವ ಕ್ರೀಡಾಂಗಣವನ್ನು ಕುಣಿಸಿದವರು, ಮರುವರ್ಷ ಕ್ಲಬ್ ಚಾಂಪಿಯನ್ ಆದಾಗಲೂ ತಂಡದಲ್ಲಿದ್ದವರು. ಒನ್ವು ಅವರಿಂದ ಲೀಗ್‌ನಲ್ಲಿ ಬೆಂಗಳೂರಿಗೆ ಒಂದು ಗೋಲೂ ಬರಲಿಲ್ಲ. 2020ರ ಆರಂಭದಲ್ಲಿ ಕ್ಲಬ್ ಅವರನ್ನು ಒಡಿಶಾ ಎಫ್‌ಸಿಗೆ ಎರವಲು ಕೊಟ್ಟಿತು. ಅಲ್ಲಿ ಅವರು 4 ಪಂದ್ಯಗಳಲ್ಲಿ 7 ಗೋಲು ಹೊಡೆದರು.

ಅದೇ ಕಾಲು, ಅದೇ ಲೀಗು. ಒಂದು ಗುಂಪಿನ ವಾದ: ಆಟಗಾರ ಚೆನ್ನಾಗಿಯೇ ಇದ್ದ, ನಮ್ಮವರಿಗೆ ಆಡಿಸೋಕೆ ಬರಲಿಲ್ಲ. ಇನ್ನೊಂದು ಗುಂಪು ಬಿಡುವುದಿಲ್ಲ: "ಮುಂದಿನ ಸೀಸನ್ನೂ ಒಡಿಶಾದಲ್ಲೇ ಇದ್ನಲ್ಲ ಗುರು, ಆಗ ಏನಾಯ್ತು?" ಅದೂ ನಿಜ. 2020-21ಕ್ಕೆ ಒಡಿಶಾ ಅವರನ್ನು ತನ್ನಲ್ಲೇ ಉಳಿಸಿಕೊಂಡಿತು. ಆ ನಾಲ್ಕು ಪಂದ್ಯಗಳ ಬಿರುಸು ಮರಳಿ ಬರಲಿಲ್ಲ, ತಂಡ ಪಟ್ಟಿಯ ಕಟ್ಟಕಡೆಗೆ ಬಿತ್ತು. ಒಬ್ಬನೇ ಆಟಗಾರ ಎರಡೂ ಕಡೆಗೆ ಸಾಕ್ಷಿ ಹೇಳುತ್ತಾನೆ. ಹೊತ್ತು ಕಳೆಯುವ ಹರಟೆ ಎಂದು ಈ ಚರ್ಚೆಯನ್ನು ಬದಿಗೆ ಸರಿಸಲು ನನಗೆ ಮನಸ್ಸು ಬರುವುದಿಲ್ಲ. ದುಡ್ಡಿಗೂ ಯೋಗ್ಯತೆಗೂ ಏನು ಸಂಬಂಧ, ಒಬ್ಬ ಮನುಷ್ಯನಿಗೆ ಎಷ್ಟು ಕಾಲ ಕೊಡಬೇಕು ಎಂಬ ಪ್ರಶ್ನೆಗಳು ಅದರೊಳಗಿವೆ.

ಚರ್ಚೆ ನಡೆಯುವ ಜಾಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆಂಗಳೂರಿನ ಫುಟ್‌ಬಾಲ್ ಹುಟ್ಟಿ ಬೆಳೆದದ್ದು ದಂಡು ಪ್ರದೇಶದಲ್ಲಿ: ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ. ರಾಜಾಜಿನಗರದಿಂದ ಕೆಂಗೇರಿವರೆಗಿನ ನಮ್ಮ ಪಶ್ಚಿಮದ ಬಡಾವಣೆಗಳು ಮೊದಲಿನಿಂದ ಕ್ರಿಕೆಟ್ಟಿನ ಸೀಮೆ. ಖಾಲಿ ಸೈಟು ಕಂಡರೆ ಮೂರು ಕಡ್ಡಿ ನೆಟ್ಟು ವಿಕೆಟ್ ಮಾಡಿದವರು ನಾವು. ಮಲ್ಲತ್ತಹಳ್ಳಿಯಲ್ಲಿ ಅಂಬೇಡ್ಕರ್ ತಾಂತ್ರಿಕ ಕಾಲೇಜಿದೆ, ಪಕ್ಕದಲ್ಲೇ ಜ್ಞಾನಭಾರತಿ ಆವರಣ, ಅದರೊಳಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ. ಬೇರೆ ಬೇರೆ ಊರುಗಳಿಂದ ಓದಲು ಬಂದ ಮಕ್ಕಳು ತಮ್ಮ ಜೊತೆ ಫುಟ್‌ಬಾಲ್ ಹುಚ್ಚನ್ನೂ ತಂದರು. ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುವ ಟರ್ಫ್‌ಗಳು ಬಂದವು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2021ರಲ್ಲಿ ಮೆಟ್ರೊ ಕೆಂಗೇರಿಗೆ ಬಂತು. ಈಗ ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ಕಬ್ಬನ್ ಪಾರ್ಕ್, ಅಲ್ಲಿಂದ ನಡೆದರೆ ಕಂಠೀರವ. ಆದರೆ ಫುಟ್‌ಬಾಲ್ ನೋಡುವ ನಮ್ಮ ಕಣ್ಣು ಇನ್ನೂ ಬಹುಮಟ್ಟಿಗೆ ಕ್ರಿಕೆಟ್ಟಿನದೇ. ಈ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಆ ಎರಡನೇ ಗುಂಪಿನ, ಅಂದರೆ ಲೆಕ್ಕ ಕೇಳುವವರ ಮಾತು. ಅವರನ್ನು ದುಡುಕಿನವರು ಎಂದು ತಳ್ಳಿಹಾಕುವುದು ಸುಲಭ, ಆದರೆ ಅವರ ವಾದದಲ್ಲಿ ಗಟ್ಟಿತನವಿದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ 2021-22ರಿಂದ ಒಂದು ತಂಡ ಅಂಗಳಕ್ಕೆ ಒಂದು ಹೊತ್ತಿಗೆ 4 ವಿದೇಶಿ ಆಟಗಾರರನ್ನು ಮಾತ್ರ ಇಳಿಸಬಹುದು. ಯುರೋಪಿನ ದೊಡ್ಡ ಕ್ಲಬ್ಬಿನಲ್ಲಿ ಒಬ್ಬ ಕೈಕೊಟ್ಟರೆ ಬೆಂಚಿನಲ್ಲಿ ಅವನಷ್ಟೇ ಸಮರ್ಥ ಇನ್ನೊಬ್ಬ ಕುಳಿತಿರುತ್ತಾನೆ. ಇಲ್ಲಿ ಒಬ್ಬ ವಿದೇಶಿ ಸ್ಟ್ರೈಕರ್ ಗೋಲು ಹೊಡೆಯದಿದ್ದರೆ ತಂಡದ ವಿದೇಶಿ ಬಲದ ಕಾಲು ಭಾಗವೇ ಕುಸಿಯುತ್ತದೆ, ಆ ವರ್ಷದ ಆಸೆ ಅಲ್ಲಿಗೆ ಮುಗಿಯುತ್ತದೆ. ಬೆಂಗಳೂರು ಎಫ್‌ಸಿಯ 2023-24ರ ಸೀಸನ್ ನೋಡಿ. ತಂಡದಲ್ಲಿ ಬಹಳಷ್ಟು ಹೊಸ ಮುಖಗಳು, ನಡುವೆ ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ನಿರ್ಗಮನ, ಕೊನೆಗೆ 12 ತಂಡಗಳಲ್ಲಿ 10ನೇ ಸ್ಥಾನ. ಹಿಂದಿನ ವರ್ಷ ಫೈನಲ್ ಆಡಿದ್ದ ತಂಡ ಅದು. ಕೆಲಸ ಮುಗಿಸಿಕೊಂಡು ಟಿಕೆಟ್ ತೆಗೆದು, ಮಳೆಯಲ್ಲಿ ನಿಂತು ಕೂಗಿದವನು "ಇವನನ್ನು ಯಾಕೆ ತಂದಿರಿ?" ಎಂದು ಕೇಳಿದರೆ ಅದು ದುಡುಕಾಗುವುದಿಲ್ಲ.

ಇನ್ನೊಂದನ್ನೂ ಅವರು ಹೇಳುತ್ತಾರೆ. ಆಟಗಾರನೂ ಸಂಬಳ ಪಡೆಯುವ ವೃತ್ತಿಪರ. ಹೊಸ ಊರು, ಹೊಸ ಊಟ, ಹೊಸ ಹವೆ ಎಂಬ ಕಾರಣಗಳು ಈ ಊರಿಗೆ ದುಡಿಯಲು ಬಂದ ಎಲ್ಲರಿಗೂ ಇವೆ. ಉತ್ತರ ಕರ್ನಾಟಕದಿಂದ ಬಂದು ಉಲ್ಲಾಳದಲ್ಲಿ ರೂಮು ಮಾಡಿಕೊಂಡು ಮರುದಿನವೇ ಕೆಲಸಕ್ಕೆ ಹೋಗುವ ಹುಡುಗನಿಗೆ ಯಾರೂ ಆರು ತಿಂಗಳು ರಿಯಾಯಿತಿ ಕೊಡುವುದಿಲ್ಲ. ಕೋಟಿಗಟ್ಟಲೆ ಪಡೆಯುವವನಿಗೆ ಮಾತ್ರ ಏಕೆ?

ಇಲ್ಲಿಂದ ಮಾತು ನೇರ ಆರ್‌ಸಿಬಿಗೆ ಹೊರಳುತ್ತದೆ, ಹೊರಳಲೇಬೇಕು. 2014ರ ಹರಾಜಿನಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ಕೊಟ್ಟದ್ದು, ಅವರು ಆ ಸೀಸನ್ 376 ರನ್ ಗಳಿಸಿದ್ದು, ತಂಡ ಅವರನ್ನು ಬಿಟ್ಟಿದ್ದು, ಮರುವರ್ಷ ಡೆಲ್ಲಿ ಅವರಿಗೆ 16 ಕೋಟಿ ತೆತ್ತದ್ದು ಈ ಭಾಗದ ಮಕ್ಕಳಿಗೂ ಬಾಯಿಪಾಠ. 2021ರಲ್ಲಿ ಕೈಲ್ ಜೇಮಿಸನ್ 15 ಕೋಟಿಗೆ ಬಂದು 9 ವಿಕೆಟ್ ಪಡೆದರು. 2025ರಲ್ಲಿ ಲಖನೌ ತಂಡ ರಿಷಭ್ ಪಂತ್ ಅವರಿಗೆ 27 ಕೋಟಿ ಕೊಟ್ಟಿತು, ಸಿಕ್ಕಿದ್ದು 269 ರನ್. ಅದೇ ವರ್ಷ 18 ಸೀಸನ್‌ಗಳ ಕಾಯುವಿಕೆ ಮುಗಿಸಿ ಆರ್‌ಸಿಬಿ ಕಪ್ ಎತ್ತಿದಾಗ ಫೈನಲ್‌ನ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ, ಅವರ ಬೆಲೆ 5.75 ಕೋಟಿ. ಲೆಕ್ಕ ಕೇಳುವವರು ಇದನ್ನೆಲ್ಲ ಮುಂದಿಟ್ಟು, ದೊಡ್ಡ ಹೆಸರಿನ ಹಿಂದೆ ಓಡಿದ್ದೇ ತಪ್ಪು ಎನ್ನುತ್ತಾರೆ.

ಆದರೆ ಇದೇ ಉದಾಹರಣೆಗಳನ್ನು ಸ್ವಲ್ಪ ಹೊತ್ತು ನೋಡಿದರೆ ಬೇರೊಂದು ಕಾಣುತ್ತದೆ. ಹರಾಜಿನಲ್ಲಿ ಜೇಮಿಸನ್ ಬೆಲೆ 15 ಕೋಟಿಗೆ ಏರಿದ್ದು ಅವರ ಬೌಲಿಂಗ್ ಅಷ್ಟು ಬಾಳುತ್ತದೆ ಎಂದು ಯಾರೋ ತೂಗಿ ನೋಡಿದ್ದರಿಂದಲ್ಲ. ಎದುರಿನ ಮೇಜಿನವರ ಕೈಯಲ್ಲೂ ದುಡ್ಡಿತ್ತು, ಅವರಿಗೂ ಅಂಥದೇ ಬೌಲರ್ ಬೇಕಿತ್ತು, ಕೈ ಎತ್ತುತ್ತಾ ಹೋದರು. ಯುರೋಪಿನ ಫುಟ್‌ಬಾಲ್‌ನಲ್ಲಿ ಹರಾಜಿಲ್ಲ, ಆದರೆ ನಡೆಯುವುದು ಹೆಚ್ಚುಕಡಿಮೆ ಇದೇ. 2017ರ ಆಗಸ್ಟಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ 22.2 ಕೋಟಿ ಯೂರೊ ಕೊಟ್ಟು ನೇಮರ್ ಅವರನ್ನು ಬಾರ್ಸಿಲೋನಾದಿಂದ ಕರೆದೊಯ್ದಿತು. ಬಾರ್ಸಿಲೋನಾದ ಗಲ್ಲಾದಲ್ಲಿ ಎಷ್ಟು ಹಣವಿದೆ, ಅದಕ್ಕೆ ಎಷ್ಟು ಅವಸರವಿದೆ ಎಂಬುದು ಇಡೀ ಯುರೋಪಿಗೆ ಗೊತ್ತಾಯಿತು. ಅದೇ ತಿಂಗಳು ಉಸ್ಮಾನ್ ಡೆಂಬೆಲೆ, 2018ರ ಜನವರಿಯಲ್ಲಿ ಫಿಲಿಪ್ ಕೌಟಿನ್ಯೊ, ಇಬ್ಬರೂ ತಲಾ 10 ಕೋಟಿ ಯೂರೊಗೂ ಮೀರಿದ ಬೆಲೆಗೆ ಬಂದರು. ಕೊಳ್ಳುವವನ ಅವಸರ ಮಾರುವವನಿಗೆ ತಿಳಿದಿದ್ದರೆ ಬೆಲೆ ಹೇಗೆ ಏರುತ್ತದೆ ಎಂಬುದಕ್ಕೆ ಇವರಿಬ್ಬರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮುಂದೆ ಏನಾಯಿತು? ಬಾರ್ಸಿಲೋನಾದಲ್ಲಿ ಕೌಟಿನ್ಯೊ ಕುದುರಲಿಲ್ಲ. 2020ರಲ್ಲಿ ಎರವಲಿನ ಮೇಲೆ ಬಯರ್ನ್ ಮ್ಯೂನಿಕ್‌ನಲ್ಲಿದ್ದಾಗ, ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾವನ್ನು ಬಯರ್ನ್ 8-2ರಿಂದ ಹೊಡೆದುಹಾಕಿದ ರಾತ್ರಿ ಅವರು ಬೆಂಚಿನಿಂದ ಇಳಿದು ಎರಡು ಗೋಲು ಹೊಡೆದರು, ತಮ್ಮನ್ನು ಎರವಲು ಕೊಟ್ಟಿದ್ದ ಕ್ಲಬ್ಬಿನ ವಿರುದ್ಧವೇ. ಡೆಂಬೆಲೆ ಆರು ವರ್ಷ ಗಾಯ ಮತ್ತು ಟೀಕೆಗಳ ನಡುವೆ ಹೊರಳಾಡಿದರು. 2023ರಲ್ಲಿ ಪ್ಯಾರಿಸ್‌ಗೆ ಹೋದರು, 2025ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು, ಅದೇ ವರ್ಷ ಬ್ಯಾಲನ್ ಡಿ'ಓರ್ ಎತ್ತಿದರು. ಇವರನ್ನು ‘ಫ್ಲಾಪ್’ ಎಂದವರು ಆ ಕಾಲಕ್ಕೆ ಸುಳ್ಳು ಹೇಳಿರಲಿಲ್ಲ. ಆದರೆ ಅವರ ತೀರ್ಪು ಆ ಆಟಗಾರ ಆ ಊರಿನಲ್ಲಿ ಆಡಿದ್ದಕ್ಕೆ ಮಾತ್ರ ಹೊಂದುತ್ತಿತ್ತು, ಆಟಗಾರನ ಇಡೀ ಯೋಗ್ಯತೆಗೆ ಅಲ್ಲ.

ಲೆಕ್ಕ ಕೇಳುವವರ ಬಳಿ ಇದಕ್ಕೂ ಉತ್ತರವಿದೆ, ಒಳ್ಳೆಯ ಉತ್ತರವೇ. ಕೌಟಿನ್ಯೊ ಅವರನ್ನು ಮಾರಿದ ಲಿವರ್‌ಪೂಲ್ ಅದೇ ಜನವರಿಯಲ್ಲಿ 7.5 ಕೋಟಿ ಪೌಂಡ್‌ಗೆ ವರ್ಜಿಲ್ ವಾನ್ ಡೈಕ್ ಅವರನ್ನು ತಂದಿತು. ಡಿಫೆಂಡರ್ ಒಬ್ಬನಿಗೆ ಅಷ್ಟು ಬೆಲೆಯೇ ಎಂದು ಆಗ ಹುಬ್ಬೇರಿಸಿದವರು ಬಹಳ. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ಬಂತು. ಹಾಗಾದರೆ ದುಬಾರಿ ಎಂಬುದು ಶಾಪವಲ್ಲ. ತನ್ನ ತಂಡದಲ್ಲಿ ಎಲ್ಲಿ ತೂತಿದೆ ಎಂದು ಗೊತ್ತಿದ್ದ ಕ್ಲಬ್ ದುಡ್ಡು ಸುರಿದು ಗೆದ್ದಿತು, ಗೊತ್ತಿಲ್ಲದ ಕ್ಲಬ್ ಹೆಸರು ಕೊಂಡು ಸೋತಿತು. ಈ ಹಂತದಲ್ಲಿ ಎರಡೂ ಗುಂಪಿನವರು ತಮಗರಿವಿಲ್ಲದೆ ಒಂದೇ ಕಡೆ ಬಂದು ನಿಲ್ಲುತ್ತಾರೆ: ಪ್ರಶ್ನೆ ಆಟಗಾರನಿಂದ ಸರಿದು ಆತನನ್ನು ಆರಿಸಿದವರ ಮೇಲೆ ಹೋಗುತ್ತದೆ. ಸೈಮನ್ ಕೂಪರ್ ಮತ್ತು ಸ್ಟೆಫಾನ್ ಸಿಮಾನ್‌ಸ್ಕಿ 2009ರಲ್ಲಿ ತಂದ ‘ಸಾಕರ್‌ನಾಮಿಕ್ಸ್’ ಪುಸ್ತಕದಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ಲೆಕ್ಕ ತೆಗೆದು ತೋರಿಸಿದ್ದೂ ಇದಕ್ಕೆ ಹತ್ತಿರದ್ದು. ಕ್ಲಬ್ ಕೊಡುವ ಒಟ್ಟು ಸಂಬಳಕ್ಕೂ ಪಟ್ಟಿಯಲ್ಲಿ ಅದರ ಸ್ಥಾನಕ್ಕೂ ಬಲವಾದ ಸಂಬಂಧವಿದೆ, ಆದರೆ ಹೊಸ ಆಟಗಾರರ ಖರೀದಿಗೆ ಸುರಿದ ಹಣಕ್ಕೂ ಸ್ಥಾನಕ್ಕೂ ಸಂಬಂಧ ಬಹಳ ಸಡಿಲ.

ಬೆಲೆ ಏರುವ ಹೊತ್ತೂ ಒಂದು ಕಾರಣ. ಒಬ್ಬ ಆಟಗಾರ ಒಂದು ಸೀಸನ್ನಿನಲ್ಲಿ 15 ಗೋಲು ಹೊಡೆದನೆಂದರೆ ಅದರಲ್ಲಿ ಅವನ ಕಸುಬು ಇದೆ, ಜೊತೆಗಾರರ ಪಾಸ್‌ಗಳಿವೆ, ಗಾಯವಾಗದೆ ಉಳಿದ ಅದೃಷ್ಟವಿದೆ, ಕಂಬಕ್ಕೆ ಬಡಿದು ಒಳಗೆ ಹೋದ ಚೆಂಡುಗಳಿವೆ. ಕೊಳ್ಳುವವರು ಇವೆಲ್ಲಕ್ಕೂ ಸೇರಿಸಿ ದುಡ್ಡು ಕೊಡುತ್ತಾರೆ. ವಿಮಾನ ಹತ್ತಿ ಬರುವುದು ಕಸುಬು ಮಾತ್ರ. ಮರುವರ್ಷ ಗೋಲುಗಳು ಇಳಿಯುವುದು ಸಹಜ, ನಾವು ಅದನ್ನು ಸೋಮಾರಿತನ ಎಂದು ಕರೆಯುತ್ತೇವೆ.

ಈಗ ಆಗಲೇ ಹೇಳಿದ ಕ್ರಿಕೆಟ್ ಕಣ್ಣಿನ ವಿಷಯ. ಬ್ಯಾಟುಗಾರ ಹೊಸ ತಂಡಕ್ಕೆ ಹೋದರೂ ಎದುರಿಗೆ ಬರುವುದು ಅದೇ ಚೆಂಡು, ಕೈಯಲ್ಲಿರುವುದು ಅದೇ ಬ್ಯಾಟು. ರನ್ ಗಳಿಸದಿದ್ದರೆ ಆತನೇ ಗಳಿಸಲಿಲ್ಲ. ಸ್ಕೋರ್‌ಕಾರ್ಡಿನಲ್ಲಿ ಹೆಸರಿನ ಮುಂದೆಯೇ ತೀರ್ಪು ಇರುತ್ತದೆ. ಫುಟ್‌ಬಾಲ್‌ನ ಸ್ಟ್ರೈಕರ್ ಹಾಗಲ್ಲ. ತೊಂಬತ್ತು ನಿಮಿಷದಲ್ಲಿ ಚೆಂಡು ಅವನ ಕಾಲಲ್ಲಿರುವುದು ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಅವನ ಆಟ ಬೇರೆಯವರ ಕಾಲಲ್ಲಿ ಇರುತ್ತದೆ: ವಿಂಗರ್ ಕ್ರಾಸ್ ಎಲ್ಲಿಗೆ ಹಾಕುತ್ತಾನೆ, ಮಿಡ್‌ಫೀಲ್ಡರ್ ತಲೆ ಎತ್ತಿ ನೋಡುತ್ತಾನೋ ಇಲ್ಲವೋ, ಕೋಚ್ ಮುಂದೆ ಹೋಗಿ ಪ್ರೆಸ್ ಮಾಡು ಎನ್ನುತ್ತಾನೋ ಹಿಂದೆ ನಿಲ್ಲು ಎನ್ನುತ್ತಾನೋ. ನಾವು ಗೋಲಿನ ಪಟ್ಟಿಯನ್ನು ರನ್ನಿನ ಪಟ್ಟಿಯಂತೆ ಓದುತ್ತೇವೆ, ಪಕ್ಕದಲ್ಲಿ ಬೆಲೆ ಬರೆದಿಟ್ಟು ಭಾಗಿಸುತ್ತೇವೆ. ನನ್ನ ಮಟ್ಟಿಗೆ ಈ ಜಗಳದ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತದೆ.

ರಾಯ್ ಕೃಷ್ಣ ಅವರ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಫಿಜಿಯ ಈ ಆಟಗಾರ 2019-20ರಲ್ಲಿ ಕೋಲ್ಕತ್ತದ ಎಟಿಕೆಗೆ 15 ಗೋಲು ಹೊಡೆದವರು, ಆ ವರ್ಷದ ಸೆಮಿಫೈನಲ್‌ನಲ್ಲಿ ನಮ್ಮ ವಿರುದ್ಧವೂ ಹೊಡೆದವರು. 2022ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಆದ ಸಂಭ್ರಮ ನೆನಪಿದೆ. ಜೊತೆಗೆ ಕೋಲ್ಕತ್ತದಿಂದಲೇ ಸಂದೇಶ್ ಜಿಂಗನ್, ಪ್ರಬೀರ್ ದಾಸ್, ಒಡಿಶಾದಿಂದ ಹಾವಿ ಹೆರ್ನಾಂಡೆಸ್ ಕೂಡ. ಲೀಗ್‌ನಲ್ಲಿ ಕೃಷ್ಣ ಗಳಿಸಿದ್ದು 6 ಗೋಲು. ಸುನಿಲ್ ಛೇಟ್ರಿ ಮತ್ತು ಎಳೆಯ ಶಿವಶಕ್ತಿ ಜೊತೆ ಜಾಗ ಹಂಚಿಕೊಳ್ಳಬೇಕಿತ್ತು. ಎದುರಾಳಿಯ ಡಿಫೆಂಡರ್‌ಗಳನ್ನು ಎಳೆದೊಯ್ದು ಇವರಿಗೆ ಜಾಗ ಬಿಡಿಸುವುದೂ ಕೆಲಸವೇ ಎಂದು ಮೊದಲ ಗುಂಪಿನವರು, ಅಂದರೆ ಕಾಯೋಣ ಎನ್ನುವವರು, ಹೇಳಿದರು. "ಮೂವತ್ತೈದಾಯ್ತು ಮಗಾ, ಕಾಲು ಸೋತಿದೆ" ಎಂದು ಇನ್ನೊಂದು ಗುಂಪು. 2023ರಲ್ಲಿ ಕೃಷ್ಣ ಒಡಿಶಾಕ್ಕೆ ಹೋದರು. 2023-24ರಲ್ಲಿ, ಇನ್ನೂ ಒಂದು ವರ್ಷ ವಯಸ್ಸಾದ ಮೇಲೆ, 13 ಗೋಲು ಹೊಡೆದರು. ಆ ಸೀಸನ್ನಿನಲ್ಲಿ ಲೀಗ್‌ನ ಯಾರೂ ಅದಕ್ಕಿಂತ ಹೆಚ್ಚು ಹೊಡೆಯಲಿಲ್ಲ. ಕಾಲು ಸೋತಿರಲಿಲ್ಲ.

ಹಾಗಿದ್ದರೆ ಬೆಂಗಳೂರಿನಲ್ಲಿ ಅವರು ಸೋತರೇ? ಗೋಲು ಎಣಿಸಿದರೆ ಹೌದು. ಆದರೆ ಆ ಒಂದೇ ಸೀಸನ್ನಿನಲ್ಲಿ ತಂಡ ಮೂರು ಫೈನಲ್ ಆಡಿತು. 2022ರ ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. 2023ರ ಮಾರ್ಚ್‌ನಲ್ಲಿ ಸೂಪರ್ ಲೀಗ್ ಫೈನಲ್‌ನಲ್ಲಿ 78ನೇ ನಿಮಿಷಕ್ಕೆ ತಂಡವನ್ನು ಮುಂದೆ ಒಯ್ದ ಗೋಲು ಕೃಷ್ಣ ಅವರದೇ, ಅದೂ ತಮ್ಮ ಹಳೆಯ ಕ್ಲಬ್ಬಿನ ವಿರುದ್ಧ. ಪಂದ್ಯ 2-2ಕ್ಕೆ ನಿಂತು ಪೆನಾಲ್ಟಿಯಲ್ಲಿ ಕೈತಪ್ಪಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್‌ನಲ್ಲೂ ಸೋಲು. ಆ ಪೆನಾಲ್ಟಿಗಳು ಬೇರೆ ರೀತಿ ಹೋಗಿದ್ದರೆ ಇಂದು ಕೃಷ್ಣ ಅವರನ್ನು ನಾವು ಯಾವ ಮಾತಿನಲ್ಲಿ ನೆನೆಯುತ್ತಿದ್ದೆವು? ಇದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ. ಆದರೂ ಲೆಕ್ಕ ಕೇಳುವವರ ಒಂದು ಮಾತನ್ನು ನಾನು ಒಪ್ಪುತ್ತೇನೆ: ಗೋಲು ಹೊಡೆಯುವವನನ್ನು ತಂದು ಜಾಗ ಬಿಡಿಸುವ ಕೆಲಸಕ್ಕೆ ಹಚ್ಚುವುದಾದರೆ ಅಷ್ಟು ದೊಡ್ಡ ಗೋಲುಗಾರನೇ ಏಕೆ ಬೇಕಿತ್ತು?

ನಮ್ಮ ಲೀಗ್‌ನಲ್ಲಿ ಇನ್ನೊಂದು ತೊಡಕಿದೆ. ವಿದೇಶಿ ಆಟಗಾರರು ಹೆಚ್ಚಾಗಿ ಹಳೆಯ ಕ್ಲಬ್ಬಿನ ಒಪ್ಪಂದ ಮುಗಿಸಿಕೊಂಡು ಬರುತ್ತಾರೆ. ಖರ್ಚಾಗುವುದು ಸಂಬಳ, ಆ ಸಂಬಳವನ್ನು ಕ್ಲಬ್‌ಗಳು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಹಾಗಾಗಿ ಕಂಠೀರವದಲ್ಲಿ ‘ದುಬಾರಿ’ ಎಂದು ಕೂಗುವಾಗ ನಾವು ಅಳೆಯುತ್ತಿರುವುದು ಬಹುತೇಕ ನಮ್ಮದೇ ನಿರೀಕ್ಷೆಯನ್ನು. ಆ ನಿರೀಕ್ಷೆಯನ್ನು ಬೆಳೆಸುವುದರಲ್ಲಿ ಕ್ಲಬ್‌ಗಳ ಪಾಲೂ ಇದೆ. ಹೊಸಬ ವಿಮಾನದಿಂದ ಇಳಿಯುವ ಮೊದಲೇ ಸಂಗೀತ ಹಾಕಿದ ವಿಡಿಯೊ ಬಿಡುವವರು ಅವರೇ.

ಬೆಲೆ ಬಹಿರಂಗವಾಗಿ ಗೊತ್ತಿದ್ದ ಸಂದರ್ಭ ಒಂದಿತ್ತು. 2015ರ ಜುಲೈನಲ್ಲಿ ಸೂಪರ್ ಲೀಗ್ ಭಾರತೀಯ ಆಟಗಾರರನ್ನು ಹರಾಜಿಗಿಟ್ಟಾಗ ಅತಿ ಹೆಚ್ಚು ಬೆಲೆ ಪಡೆದ ಇಬ್ಬರೂ ಬೆಂಗಳೂರಿನ ನೀಲಿ ಅಂಗಿಯವರು: ಛೇಟ್ರಿ 1.20 ಕೋಟಿಗೆ ಮುಂಬೈಗೆ, ಶಿಲ್ಲಾಂಗ್‌ನ ಯೂಜಿನ್‌ಸನ್ ಲಿಂಗ್ಡೊ 1.05 ಕೋಟಿಗೆ ಪುಣೆಗೆ. ಛೇಟ್ರಿ ಆ ಸೀಸನ್ 7 ಗೋಲು ಹೊಡೆದರು, ಆ ಲೀಗ್‌ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್ ಕೂಡ ಅದರಲ್ಲಿತ್ತು. ಲಿಂಗ್ಡೊ ಅವರನ್ನು 2017ರ ಡ್ರಾಫ್ಟ್‌ನಲ್ಲಿ ಎಟಿಕೆ 1.10 ಕೋಟಿಗೆ ಆರಿಸಿತು. ಮಂಡಿಯ ಗಾಯ ಆ ಸೀಸನ್ನಿನ ಬಹುಪಾಲನ್ನು ಕಿತ್ತುಕೊಂಡಿತು. ಅವರು ಆಡಿ ಸೋಲಲಿಲ್ಲ, ಆಡಲೇ ಆಗಲಿಲ್ಲ. ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ.

ಕಾಯೋಣ ಎನ್ನುವವರು ಹೆಚ್ಚಾಗಿ ಡೆನಿಸ್ ಬರ್ಗ್‌ಕ್ಯಾಂಪ್ ಹೆಸರು ಹೇಳುತ್ತಾರೆ. 1995ರಲ್ಲಿ 75 ಲಕ್ಷ ಪೌಂಡ್‌ಗೆ ಆರ್ಸೆನಲ್ ಸೇರಿ, ಮೊದಲ ಏಳೆಂಟು ಪಂದ್ಯ ಗೋಲಿಲ್ಲದೆ ಪತ್ರಿಕೆಗಳ ಬಾಯಿಗೆ ಬಿದ್ದು, ಆಮೇಲೆ ಆ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದವರು. ಸುಂದರ ಉದಾಹರಣೆ, ಆದರೆ ನಮಗೆ ಪೂರ್ತಿ ಹೊಂದುವುದಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಈಗ 38 ಪಂದ್ಯ. 2024-25ರಲ್ಲಿ ನಮ್ಮ ಲೀಗ್ ಹಂತದಲ್ಲಿದ್ದದ್ದು 24. ಎಂಟು ಪಂದ್ಯ ಕಾಯುವುದೆಂದರೆ ಸೀಸನ್ನಿನ ಮೂರನೇ ಒಂದು ಭಾಗ ಹೋಯಿತು. ಒಪ್ಪಂದವೂ ಹೆಚ್ಚಾಗಿ ಒಂದೆರಡು ವರ್ಷದ್ದು. ಆಟಗಾರನಿಗೆ ಹೊಂದಿಕೊಳ್ಳಲು ಕಾಲ ಬೇಕು ಎಂಬುದೂ ನಿಜ, ಕ್ಲಬ್ಬಿಗೆ ಕೊಡಲು ಕಾಲವಿಲ್ಲ ಎಂಬುದೂ ನಿಜ.

ಕಾಲ ಕೊಟ್ಟರೆ ಏನಾಗಬಹುದು ಎನ್ನಲು ಬೆಂಗಳೂರಿನದೇ ಹಳೆಯ ಕಥೆ ಇದೆ, ನಮ್ಮ ಹುಡುಗರು ಅದನ್ನು ಹೆಚ್ಚು ಹೇಳುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಮತ್ತು ಕೆ.ಪಿ. ಧನರಾಜ್ ಇಬ್ಬರೂ ಈ ಊರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ವೆಂಕಟೇಶ್, ಅಪ್ಪಾರಾವ್, ಸಾಲೇಹ್ ಜೊತೆ ಸೇರಿ ಅವರು ‘ಪಂಚ ಪಾಂಡವರು’ ಎಂದೇ ಹೆಸರಾದರು. ಐವರೂ ದಕ್ಷಿಣದವರು, ಬಂಗಾಳಿ ಊರಿನಲ್ಲಿ ಪರಕೀಯರು. 1949ರಿಂದ 51ರವರೆಗೆ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್‌ನದಾಯಿತು. ಅಹ್ಮದ್ ಖಾನ್ ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು. ಹೊರಗಿನಿಂದ ತಂದ ಆಟಗಾರರು ಬೇರೂರುತ್ತಾರೆ, ಆದರೆ ಇಲ್ಲಿ ಗಮನಿಸಬೇಕಾದದ್ದು ಅವರು ಒಂಟಿಯಾಗಿ ಹೋಗಲಿಲ್ಲ, ಒಂದೇ ದಿನ ಬಂದವರೂ ಅಲ್ಲ. ಅಪ್ಪಾರಾವ್, ಸಾಲೇಹ್ ಮೊದಲೇ ಅಲ್ಲಿದ್ದರು. ಐದು ಜನರ ಮುಂಚೂಣಿ ವರ್ಷಗಟ್ಟಲೆ ಒಟ್ಟಿಗೆ ಆಡಿ ಪರಸ್ಪರರ ಕಾಲು ಅರಿತಿತ್ತು.

ಇದರ ಎದುರಿಗೆ ಬೆಂಗಳೂರು ಎಫ್‌ಸಿಯ ಇತ್ತೀಚಿನ ವರ್ಷಗಳನ್ನಿಟ್ಟು ನೋಡಿ. ಕಾರ್ಲೆಸ್ ಕ್ವಾದ್ರಾತ್ 2021ರ ಜನವರಿಯಲ್ಲಿ ಹೋದರು. ಸೀಸನ್ ಮುಗಿಸಲು ನೌಷಾದ್ ಮೂಸಾ ಹಂಗಾಮಿ ಕೋಚ್. ಆಮೇಲೆ ಮಾರ್ಕೊ ಪೆಜ್ಜಾಯುವೊಲಿ, 2022ರಲ್ಲಿ ಗ್ರೇಸನ್, 2023ರ ಡಿಸೆಂಬರ್‌ನಲ್ಲಿ ಗೆರಾರ್ಡ್ ಜರಗೋಜಾ. ಮೂರು ವರ್ಷದೊಳಗೆ ಇಷ್ಟು ಕೈ ಬದಲಾದರೆ, ಒಬ್ಬ ಕೋಚ್ ಕೇಳಿ ತರಿಸಿದ ಆಟಗಾರ ಇನ್ನೊಬ್ಬರ ಯೋಜನೆಯಲ್ಲಿ ಆಡಬೇಕಾಗುತ್ತದೆ. ಆಗ ಆತನನ್ನು ‘ಸೆಟ್ ಆಗಲಿಲ್ಲ’ ಎನ್ನುತ್ತೇವೆ. ಯಾವುದಕ್ಕೆ ಸೆಟ್ ಆಗಬೇಕಿತ್ತು?

ಲೆಕ್ಕ ಕೇಳುವವರು ಕೊನೆಗೆ ತೆಗೆಯುವ ಅಸ್ತ್ರ ಛೇಟ್ರಿ. 2024-25ರಲ್ಲಿ, 40ರ ವಯಸ್ಸಿನಲ್ಲಿ, ಅವರು ಲೀಗ್‌ನಲ್ಲಿ 14 ಗೋಲು ಹೊಡೆದರು. ಭಾರತೀಯರಲ್ಲಿ ಅದೇ ಅತಿ ಹೆಚ್ಚು. ತಂಡ ಫೈನಲ್ ತಲುಪಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. ಹನ್ನೆರಡು ವರ್ಷದ ಹಳೆಯ ಆಳು ಹೊಸಬರನ್ನೆಲ್ಲ ಹಿಂದೆ ಹಾಕುವುದಾದರೆ ಹೊಸಬರಿಗೆ ದುಡ್ಡು ಏಕೆ? ಕೇಳಲು ಖಡಕ್ಕಾಗಿದೆ. ಆದರೆ ಛೇಟ್ರಿ ಹಾಗಾದದ್ದು ಒಂದು ಕ್ಲಬ್ ಅವರನ್ನು ನಡುವೆ ನಿಲ್ಲಿಸಿ ಸುತ್ತ ತಂಡ ಕಟ್ಟಿದ್ದರಿಂದಲೂ ಹೌದು. ಅವರ ಉದಾಹರಣೆ ಹೊಸಬರ ವಿರುದ್ಧಕ್ಕಿಂತ ಹೆಚ್ಚಾಗಿ ತಾಳ್ಮೆಯ ಪರವಾಗಿ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಎರಡು ಕಡೆ ತೂಗುವುದಿಲ್ಲ. ಆಟದ ಟೀಕೆ ಆಟಗಾರನ ಮನೆಯವರ ಮೇಲಿನ ಬೈಗುಳವಾಗಬಾರದು. 2025ರ ಆಗಸ್ಟಿನಲ್ಲಿ, ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯ ನಡುವೆ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಕೋಟಿಯ ಮಾತಾಡುತ್ತಿದ್ದ ನಮಗೆ ಅಂದು ಕಂಡದ್ದು ಮುಂದಿನ ತಿಂಗಳ ಬಾಡಿಗೆ, ಮಕ್ಕಳ ಶಾಲೆಯ ಚಿಂತೆಯಿರುವ ದುಡಿಯುವ ಜನ. ಆ ನೆನಪು ಇಟ್ಟುಕೊಂಡೇ ಲೆಕ್ಕ ಕೇಳೋಣ.

ಕೇಳುವುದಂತೂ ಬೇಕು. ಎಷ್ಟು ಕಾಲದ ನಂತರ ಎಂಬುದೇ ಉಳಿಯುವ ಪ್ರಶ್ನೆ. 2023ರಲ್ಲಿ, ಆ 10ನೇ ಸ್ಥಾನದ ಸೀಸನ್ನಿಗೆ ಬಂದ ಗುಂಪಿನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ರಯಾನ್ ವಿಲಿಯಮ್ಸ್ ಕೂಡ ಇದ್ದರು. ಇಡೀ ಗುಂಪನ್ನೇ ದಂಡ ಎಂದು ತಳ್ಳಿದ್ದರೆ ಅವರೂ ಹೋಗುತ್ತಿದ್ದರು. ಅವರು ಉಳಿದರು, ತಂಡದ ಆಧಾರವಾದರು, 2025ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತ ತಂಡದ ಬೆಂಗಳೂರು ಶಿಬಿರಕ್ಕೆ ಬಂದರು. "ಒಬ್ಬ ವಿಲಿಯಮ್ಸ್ ಸಿಗೋಕೆ ಇನ್ನೆಷ್ಟು ಜನಕ್ಕೆ ಕಾಯ್ಬೇಕಣ್ಣ?" ಎಂದು ಟರ್ಫ್‌ನಲ್ಲಿ ಒಬ್ಬ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಕೊಡುವುದು ಒಂದು ಪೂರ್ತಿ ಸೀಸನ್, ಅದೂ ಒಬ್ಬನೇ ಕೋಚ್ ಕೈಕೆಳಗೆ, ಆತ ಯಾವ ಜಾಗದಲ್ಲಿ ಆಡಿ ಹೆಸರು ಮಾಡಿದನೋ ಅದೇ ಜಾಗದಲ್ಲಿ. ಎರಡನೇ ಸೀಸನ್ನಿನ ದೀಪಾವಳಿಗೂ ಹಾಗೆಯೇ ಇದ್ದರೆ ನಾನೂ ಲೆಕ್ಕ ಕೇಳುವವರ ಸಾಲಿನಲ್ಲಿ ಕೂರುತ್ತೇನೆ. ಮೊದಲ ಪ್ರಶ್ನೆ ಮಾತ್ರ ಕ್ಲಬ್ಬಿಗೆ: ಇವರನ್ನು ಕೇಳಿ ತರಿಸಿದವರು ಯಾರು, ಅವರು ಈಗ ಎಲ್ಲಿದ್ದಾರೆ?